ಕಾರ್ಟಿಸಾಲ್ ಟೆಸ್ಟು, ಮಗ್ಗದ ಸಪ್ಪಳ, ಬಾಳೆಹಣ್ಣು: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗ ವಿಜಯಪುರದಾಗ ರೂಮ್ ಮಾಡ್ಕೊಂಡು ಪಿಎಸ್‌ಐ ಪರೀಕ್ಷಾಕ್ಕ ಓದಾಕತ್ತಾನ್ರಿ. ನಿದ್ದಿ ಇಲ್ಲ, ಮಾತ್‌ಮಾತಿಗೆ ಸಿಟ್ಟು. ಮೊಬೈಲ್ ನೋಡಿ "ನಂದು ಕಾರ್ಟಿಸಾಲ್ ಏರೇತಿ, ಟೆಸ್ಟ್ ಮಾಡಸ್ಬೇಕು" ಅಂತ ರೊಕ್ಕ ಕೇಳಾಕತ್ತಾನ. ಕೊಡ್ಲೇನ್ರಿ?
– ತಂದಿ, ಮುದ್ದೇಬಿಹಾಳ

ಉತ್ತರ: ಸದ್ಯಕ್ಕ ಬ್ಯಾಡ್ರಿ. ಕಾರ್ಟಿಸಾಲ್ ಅಂದ್ರ ವಿಷ ಏನಲ್ಲ, ಕಿಡ್ನಿ ಮ್ಯಾಲೆ ಟೊಪ್ಪಿಗಿ ಹಂಗ ಕುಂತಿರೂ ಅಡ್ರಿನಲ್ ಗ್ರಂಥಿ ಮಾಡೂ ಹಾರ್ಮೋನು, ಅದಿಲ್ಲಂದ್ರ ಜೀವಾನ ಉಳ್ಯೂದಿಲ್ಲ. ಮುಂಜಾನೆ ಎದ್ದ ಅರ್ಧ ಮುಕ್ಕಾಲು ತಾಸಿನಾಗ ತಾನ ಏರ್ತೈತಿ, ರಾತ್ರಿ ಇಳೀತೈತಿ, ಹಿಂಗಿದ್ದಾಗ ಒಮ್ಮೆ ರಕ್ತ ಕೊಟ್ಟು ಬಂದ್ರ ಹುಡುಗನ ಟೆನ್ಶನ್ ಎಷ್ಟು ಅಂತ ಹೆಂಗ ಗೊತ್ತಾಗಬೇಕು? ಅದು ಕುಶಿಂಗ್ (ಕಾರ್ಟಿಸಾಲ್ ಅತಿ ಆಗೂದು), ಅಡಿಸನ್ (ಕಡಿಮಿ ಬೀಳೂದು) ಅಂಥ ರೋಗದ ಸಂಶಯ ಇದ್ದಾಗ ಡಾಕ್ಟರ್ ಬರಿಯೂ ಟೆಸ್ಟು. ಅದರ ಬದ್ಲಿ ಸಂಜಿ ಚಾ ಬಿಡ್ಸಿ ನೋಡ್ರಿ. 6ಕ್ಕ ಕುಡದ ಕೆಫೀನು ರಾತ್ರಿ 11ಕ್ಕೂ ಸುಮಾರು ಅರ್ಧ ಮೈಯಾಗ ಉಳದಿರ್ತೈತಿ, ಇವ್ರು ಓದೂ ಹುಡುಗ್ರು ಅದರ ಮ್ಯಾಲೆ 10ಕ್ಕ ಇನ್ನೊಂದು ಕಟ್ಟಿಂಗ್ ಹೊಡಿತಾರ. ಓದಿದ್ದು ತಲ್ಯಾಗ ಗಟ್ಟಿ ಕೂಡೂದು ನಿದ್ದ್ಯಾಗ, ಇದನ್ನಷ್ಟು ಅವಂಗ ಹೇಳ್ರಿ. "ಸಾಕಾಗೇತಿ, ಬದುಕೂದ ಬ್ಯಾಡ" ಅನ್ನೂ ಮಾತು ಬಂದ್ರ ಮಾತ್ರ ತಡಾ ಮಾಡಬ್ಯಾಡ್ರಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ರಿ, ಕನ್ನಡದಾಗ ಮಾತಾಡ್ತಾರ, ಫ್ರೀ.

ಪ್ರಶ್ನೆ: ಅಪ್ಪ ಹುಟ್ಟಾ ಪವರ್‌ಲೂಮ್‌ನಾಗ ದುಡದಾನ. ಈಗ ಹೇಳಿದ್ದು ಮರೀತಾನ. ಬ್ರೇನ್ ಟಾನಿಕ್ ಯಾವುದು ಛಲೋ?
– ಮಗಳು, ಬನಹಟ್ಟಿ

ಉತ್ತರ: ಟಾನಿಕ್ ಬಿಡ್ರಿ ತಂಗಿ, ಮೊದ್ಲ ಕಿವಿ ನೋಡಸ್ರಿ, ವರ್ಷಾನುಗಟ್ಲೆ ಮಗ್ಗದ ಸಪ್ಪಳಕ್ಕ ಕಿವಿ ಮಂದ ಆಗಿರಬಹುದು. ಮಗ್ಗ ಬಂದ್ ಇದ್ದಾಗ ಅಪ್ಪನ ಬೆನ್ನ ಹಿಂದ ನಿಂತು ಮೆತ್ತಗ "ಚಾ ಕುಡಿತೀ ಏನಪಾ" ಅಂತ ಕೇಳ್ರಿ. ಎದ್ರಿಗೆ ನಿಂತ್ರ ತುಟಿ ನೋಡೇ ತಿಳ್ಕೊಂಡು ಬಿಡ್ತಾರ, ಮಗ್ಗದ ಮಂದಿಗೆ ಅದು ರೂಢಿ. ತಿರುಗ್ಲಿಲ್ಲಂದ್ರ ಅವ್ರು ಮರ್ತಿಲ್ಲ, ಕೇಳಿಸ್ಕೊಂಡೇ ಇಲ್ಲ. ಹಂಗಂತ ಹಗುರ ತಿಳೀಬ್ಯಾಡ್ರಿ, ಕಿವುಡು ಹಂಗ ಬಿಟ್ರ ಮುಂದ ಡಿಮೆನ್ಶಿಯಾದ (ಮರೆವಿನ ರೋಗದ) ಅಪಾಯಾನೂ ಹೆಚ್ಚು. ಲ್ಯಾನ್ಸೆಟ್ ಅನ್ನೂ ವೈದ್ಯಕೀಯ ಪತ್ರಿಕೆಯ 2024ರ ತಜ್ಞರ ಆಯೋಗ ಇದಕ್ಕ 14 ಕಾರಣ ಪಟ್ಟಿ ಮಾಡೇತಿ, ಕಿವುಡು, ಬಿಪಿ, ಶುಗರ್, ಸಿಗರೇಟು, ಒಂಟಿತನ ಎಲ್ಲಾ ಅದ್ರಾಗ ಅದಾವ, ಇವನ್ನೆಲ್ಲಾ ಸರಿಪಡಿಸಿದ್ರ ಜಗತ್ತಿನ ಶೇ 45ರಷ್ಟು ಡಿಮೆನ್ಶಿಯಾ ತಡೀಬಹುದು ಇಲ್ಲಾ ಮುಂದೂಡಬಹುದು ಅಂತ ಲೆಕ್ಕಾ. ಜೋಡಿಗೆ ಬಿ12, ಥೈರಾಯ್ಡ್ ನೋಡಸ್ರಿ, ಶಾಕಾಹಾರಿಗಳಿದ್ರ, ಶುಗರ್‌ಗೆ ಮೆಟ್‌ಫಾರ್ಮಿನ್ ನುಂಗ್ತಿದ್ರ ಬಿ12 ಕಡಿಮಿ ಬೀಳೂದು ಸಾಮಾನ್ಯ, ಮತ್ತ ಅದು ಔಷಧಕ್ಕ ಬಗ್ಗೂ ಮರೆವು. ಒಮ್ಮಿಂದೊಮ್ಮೆಲೆ ಮಾತು ತೊದಲಿದ್ರ, ಬಾಯಿ ಸೊಟ್ಟಾದ್ರ ಈ ಪಟ್ಟಿ ಏನೂ ಬ್ಯಾಡ, ಸೀದಾ ದವಾಖಾನಿ.

ಪ್ರಶ್ನೆ: ಬಾಳೆಹಣ್ಣಿನಾಗ ಸೆರಟೋನಿನ್ ಐತಂತ, ತಿಂದ್ರ ಮನಸ್ಸು ಖುಷಿ ಆಗ್ತೈತೇನ್ರಿ?
– ಕಾಲೇಜು ಹುಡುಗ, ಗೋಕಾಕ

ಉತ್ತರ: ಸೆರಟೋನಿನ್ ಅಂದ್ರ ಮನಸ್ಸಿನ ಮ್ಯಾಲೂ ಪರಿಣಾಮ ಮಾಡೂ ಒಂದು ರಾಸಾಯನಿಕ. ಹಣ್ಣಿನಾಗ ಐತಿ ಖರೆ, ಆದ್ರ ಅದು ರಕ್ತದಿಂದ ಮೆದುಳಿಗೆ ದಾಟೂದಿಲ್ಲ. ಮೈಯಾಗಿನ ಸೆರಟೋನಿನ್ ಸುಮಾರು ಶೇ 90 ಕರುಳಿನಾಗನ ಆಗ್ತೈತಿ, ಅಲ್ಲೇ ಕೆಲ್ಸಾ ಮಾಡ್ತೈತಿ, ಮೆದುಳು ತನಗ ಬೇಕಾದ್ದು ತಾನ ಮಾಡ್ಕೊಂತೈತಿ. ಹಣ್ಣು ತಿನ್ರಿ, ಹೊಟ್ಟಿಗೆ ಛಲೋ. ಖುಷೀನ ಬೇಕಂದ್ರ ನಿಮ್ಮೂರಾಗ ಕರದಂಟು ಐತೆಲ್ಲಾ.