ಕಾಕರ್ ಸ್ಪ್ಯಾನಿಯಲ್‌ಗಾಗಿ ಫ್ಲ್ಯಾಟ್ ಬಿಡಬೇಕೇ?

ಎರಡು ಕೋಣೆಯ ಫ್ಲ್ಯಾಟಿನಲ್ಲಿ ನಿಮ್ಮ ಕಾಕರ್ ಸ್ಪ್ಯಾನಿಯಲ್ ಕೊರಗುತ್ತಿದೆ, ಅಂಗಳವಿರುವ ಮನೆಗೆ ಹೋದರೆ ಸರಿಹೋಗುತ್ತದೆಯೇ ಎಂದು ಕೇಳಿದ್ದೀರಿ. ಮನೆ ಬದಲಿಸಬೇಡಿ. ನನ್ನ ನಾಯಿಯೂ ನಾಲ್ಕನೆಯ ಮಹಡಿಯಲ್ಲಿ ಬೆಳೆದವನು. ಲಿಫ್ಟ್ ಸದ್ದಾದಾಗಲೆಲ್ಲ ಬೊಗಳುತ್ತಿದ್ದ, ಬಾಗಿಲಿನ ಚೌಕಟ್ಟನ್ನು ಕಡಿದು ಹಾಳುಮಾಡಿದ್ದ, ನಾನೂ ಜಾಗ ಸಾಲದೆಂದೇ ನಂಬಿದ್ದೆ.

ಜಾಗದ ಕೊರತೆಯನ್ನು ಓಟದಿಂದ ತುಂಬಬಹುದೆಂದುಕೊಂಡದ್ದೇ ನನ್ನ ತಪ್ಪು. ಬೆಳಿಗ್ಗೆ, ಸಂಜೆ ಮೈದಾನಕ್ಕೆ ಕರೆದೊಯ್ದು ಅವನು ಏದುಸಿರು ಬಿಡುವವರೆಗೆ ಚೆಂಡು ಎಸೆಯುತ್ತಿದ್ದೆ. ಮನೆಗೆ ಬಂದು ನೀರು ಕುಡಿದು ಸ್ವಲ್ಪ ಹೊತ್ತು ಮಲಗಿದವನು ಮತ್ತೆ ಎದ್ದು ಅತ್ತಿತ್ತ ಸುತ್ತತೊಡಗಿದರೆ, ಓಟ ಸಾಲಲಿಲ್ಲವೆಂದು ಮರುದಿನ ಇನ್ನಷ್ಟು ಎಸೆಯುತ್ತಿದ್ದೆ. ಹೀಗೆ ಅವನ ಮೈ ದಿನೇ ದಿನೇ ಗಟ್ಟಿಯಾಯಿತು, ಮನಸ್ಸಿಗೆ ಉದ್ರೇಕವೇ ಅಭ್ಯಾಸವಾಯಿತು. ಚೆಂಡಿನಾಟದಲ್ಲಿ ಹುಡುಕುವ ಕೆಲಸವೇ ಇರುವುದಿಲ್ಲ, ಕಂಡದ್ದನ್ನು ಅಟ್ಟಿಸಿಕೊಂಡು ಹೋಗುವುದಷ್ಟೇ. ಈ ತಳಿಯನ್ನು ಬೆಳೆಸಿದ್ದೇ ಹುಡುಕುವುದಕ್ಕೆ. ನೆಲ ಮೂಸುತ್ತ ದಟ್ಟ ಪೊದೆಯೊಳಗೆ ನುಗ್ಗಿ, ಅಡಗಿರುವ ವುಡ್‌ಕಾಕ್ ಹಕ್ಕಿಯನ್ನು ಎಬ್ಬಿಸುವುದು ಇದರ ಕಸುಬಾಗಿತ್ತು. ಅಂತಹ ನಾಯಿಯ ಮೂಗನ್ನು ಮರೆತು ನಾನು ಕಾಲುಗಳನ್ನಷ್ಟೇ ದಣಿಸುತ್ತಿದ್ದೆ. ಬೆಳೆದ ಇಂಗ್ಲಿಷ್ ಕಾಕರ್‌ನ ತೂಕ ಸಾಮಾನ್ಯವಾಗಿ 13ರಿಂದ 14.5 ಕಿಲೋ, ಅದಕ್ಕೆ ಎರಡು ಕೋಣೆ ಧಾರಾಳವಾಗಿ ಸಾಕು.

ಈಗ ನಮ್ಮಲ್ಲಿ ಚೆಂಡು ಅಪರೂಪ. ಉದ್ದನೆಯ ಹಗ್ಗ ಕಟ್ಟಿ, ದಿನಕ್ಕೆ ಒಟ್ಟು ಒಂದು ಗಂಟೆಯಾದರೂ ಅವನ ಮೂಗು ಕರೆದ ಕಡೆಗೆ ನಿಧಾನವಾಗಿ ನಡೆಯುತ್ತೇನೆ. ಒಂದೇ ಕಂಬದ ಬುಡವನ್ನು ಎಷ್ಟು ಹೊತ್ತು ಮೂಸಿದರೂ ಎಳೆಯುವುದಿಲ್ಲ. ಊಟದ ಒಂದು ಪಾಲನ್ನು ತಟ್ಟೆಗೆ ಹಾಕದೆ ಹುಲ್ಲಿನಲ್ಲಿ ಚೆಲ್ಲುತ್ತೇನೆ, ಮಳೆ ಬಂದರೆ ಹಳೆಯ ಟವೆಲಿನ ಮಡಿಕೆಗಳಲ್ಲಿ ಸುತ್ತಿಡುತ್ತೇನೆ. ಹುಡುಕಿ ತಿಂದ ಬಳಿಕ ಅವನಿಗೆ ಬರುವ ಗಾಢ ನಿದ್ದೆ ಚೆಂಡಿನಾಟದ ನಂತರ ಎಂದೂ ಬಂದಿರಲಿಲ್ಲ.

ನೀವಿಬ್ಬರೂ ದಿನವಿಡೀ ಕೆಲಸಕ್ಕೆ ಹೋಗುವುದಾಗಿ ಬರೆದಿದ್ದೀರಿ. ನನಗೆ ಹೆಚ್ಚು ಆತಂಕವಿರುವುದು ಅದರ ಬಗ್ಗೆ. ಅಂಗಳ ಎಷ್ಟೇ ದೊಡ್ಡದಿರಲಿ, ಜನರ ಸಂಗಕ್ಕೆ ಹಾತೊರೆಯುವ ಕಾಕರ್ ಅಲ್ಲಿಯೂ ಗೇಟಿನ ಬಳಿಯೇ ಕಾಯುತ್ತಿರುತ್ತದೆ. ಕೆಲವು ಕ್ಷಣ ಹೊರಹೋಗುವುದರಿಂದ ಆರಂಭಿಸಿ, ಅದು ಗಾಬರಿಯಾಗುವ ಮೊದಲೇ ಮರಳುತ್ತ, ಒಂಟಿಯಾಗಿರುವುದನ್ನು ಮೆಲ್ಲನೆ ರೂಢಿ ಮಾಡಿಸಿ. ಅಲ್ಲಿಯವರೆಗೆ ಹಗಲಿನಲ್ಲಿ ಯಾರಾದರೂ ಜೊತೆಗಿರುವಂತೆ ನೋಡಿಕೊಳ್ಳಿ.

ಇದೆಲ್ಲಕ್ಕೂ ಮೊದಲು, ಅದು ತಲೆ ಕೊಡವುತ್ತಿದ್ದರೆ ಅಥವಾ ಕಿವಿ ಕೆರೆದುಕೊಳ್ಳುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ. ಜೋತುಬಿದ್ದ ಉದ್ದ ಕಿವಿಯೊಳಗೆ ತೇವ ನಿಂತು ಈ ತಳಿಯಲ್ಲಿ ಸೋಂಕು ಸುಲಭವಾಗಿ ತಗಲುತ್ತದೆ, ಆ ನೋವಿನಿಂದಲೂ ನಾಯಿ ಮಂಕಾಗಬಹುದು.