ಬೀಗರು ಸೇದರ್ ಊಟಕ್ಕೆ ಬರ್ತಿದಾರೆ, ಅಕ್ಕಿರೊಟ್ಟಿ ಮಾತ್ಸಾ ಆಗುತ್ತಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಮೈಸೂರಿನವರು, ಈಗ ನ್ಯೂಜೆರ್ಸಿಲಿ ಮಗನ ಮನೇಲಿದೀನಿ. ಸೊಸೆ ಯಹೂದಿ ಹುಡುಗಿ, ಚಿನ್ನದಂಥವಳು. ಎರಡು ವರ್ಷದ ಹಿಂದೆ ಅವಳಿಗೆ ಸೀಲಿಯಾಕ್ ಅಂತ ಗೊತ್ತಾಯ್ತು, ಗೋಧಿ ಚೂರು ಹೊಟ್ಟೆಗೆ ಹೋದ್ರೂ ಮೂರು ದಿನ ಮಲಗಿಬಿಡ್ತಾಳೆ. ಈ ಸಲ ಪಾಸೋವರ್ ಹಬ್ಬದ ಮೊದಲ ರಾತ್ರಿ ಊಟ, ಸೇದರ್ ಅಂತಾರಲ್ಲ, ಅದು ನಮ್ಮನೇಲೇ, ಬೀಗರು ಬರ್ತಿದಾರೆ, ಅವರು ಸ್ವಲ್ಪ ಮಡಿವಂತರು. ಮಾತ್ಸಾ ಅನ್ನೋ ಅವರ ಹುಳಿ ಬರದ ರೊಟ್ಟಿ ಬೇಕೇ ಬೇಕಂತೆ. ನಮ್ಮ ಅಕ್ಕಿರೊಟ್ಟಿಗೆ ಯೀಸ್ಟೂ ಇಲ್ಲ ಗೋಧಿನೂ ಇಲ್ಲ, ತೆಳ್ಳಗೆ ತಟ್ಟಿ ಗರಿಗರಿ ಮಾಡಿಟ್ರೆ ಆಯ್ತಲ್ಲ ಅಂದ್ಕೊಂಡೆ. ಸೊಸೆ ನಕ್ಕು ‘ಅದಾಗಲ್ಲ ಅಮ್ಮ’ ಅಂದಳು, ಯಾಕೆ ಅಂತ ಅವಳಿಗೂ ಸರಿಯಾಗಿ ಹೇಳೋಕೆ ಬರಲಿಲ್ಲ. ಇದನ್ನ ಮನೇಲಿ ಮಾಡೋದು ಹೇಗೆ?

ಉತ್ತರ: ಅಮ್ಮಾ, ನಿಮ್ಮ ಸೊಸೆ ಹೇಳಿದ್ದೇ ಸರಿ. ಆದ್ರೆ ನೀವು ಕೇಳಿದ್ದೂ ದಡ್ಡ ಪ್ರಶ್ನೆ ಅಲ್ಲ, ನಾನೂ ಮೊದಲ ಸಲ ಹೀಗೇ ಯೋಚನೆ ಮಾಡಿ ಜೋಳದ ರೊಟ್ಟಿ ತಟ್ಟೋಕೆ ಕೂತಿದ್ದೆ.

ವಿಷಯ ಏನಪ್ಪಾ ಅಂದ್ರೆ, ಮಾತ್ಸಾ ಅಂದ್ರೆ ಬರೀ ಹುಳಿ ಬರದ ರೊಟ್ಟಿ ಅಲ್ಲ, ಹುಳಿ ಬರೋ ತಾಕತ್ತಿದ್ದ ಹಿಟ್ಟನ್ನ ಹುಳಿ ಬರೋಕೆ ಬಿಡದೆ ಸುಟ್ಟ ರೊಟ್ಟಿ. ಯಾವ ಧಾನ್ಯಕ್ಕೆ ಆ ತಾಕತ್ತಿದೆ ಅಂತ ಅವರ ಶಾಸ್ತ್ರದಲ್ಲಿ ಪಟ್ಟಿನೇ ಇದೆ, ಐದೇ ಐದು: ಗೋಧಿ, ಬಾರ್ಲಿ, ಸ್ಪೆಲ್ಟ್ ಅನ್ನೋ ಹಳೇ ತಳಿ ಗೋಧಿ, ರೈ, ಓಟ್ಸ್. ಇವು ನೀರು ತಾಗಿ ಸುಮ್ನೆ ಕೂತ್ರೆ ಹುಳಿ, ಅದಕ್ಕೆ ಹಮೇತ್ಸ್ ಅಂತಾರೆ, ಹಬ್ಬದಲ್ಲಿ ಅದು ಮನೇಲೇ ಇರಬಾರದು. ಅಕ್ಕಿ, ನವಣೆ ಥರದ್ದು ಹುಳಿ ಬರಲ್ಲ, ಕೊಳೆಯುತ್ತೆ ಅಷ್ಟೇ ಅಂತ ಅವರ ಹಳೇ ಧರ್ಮಗ್ರಂಥ ತಾಲ್ಮೂದ್‌ನಲ್ಲಿ ವಾದ ಇದೆ. ನಮ್ಮ ಇಡ್ಲಿ ಹಿಟ್ಟು ರಾತ್ರಿಯೆಲ್ಲಾ ಉಕ್ಕಿ ಪಾತ್ರೆ ಮುಚ್ಚಳ ತಳ್ಕೊಂಡು ಬಂದ್ರೂ ಅವರ ಲೆಕ್ಕದಲ್ಲಿ ಅದು ಹಮೇತ್ಸ್ ಅಲ್ಲ, ಕೇಳಿದ್ರೆ ನಗು ಬರುತ್ತೆ, ಆದ್ರೆ ನಿಯಮ ಅಂದ್ರೆ ನಿಯಮ. ಹಮೇತ್ಸ್ ಆಗಲಾರದ್ದು ಮಾತ್ಸಾನೂ ಆಗಲಾರದು. ನಿಮ್ಮ ಅಕ್ಕಿರೊಟ್ಟಿ ಸಿಕ್ಕಿಬಿದ್ದಿದ್ದು ಇಲ್ಲೇ.

ಈಗ ಆ ಐದರ ಪಟ್ಟಿ ಇನ್ನೊಂದ್ಸಲ ನೋಡಿ. ಮೊದಲ ನಾಲ್ಕರಲ್ಲೂ ಗ್ಲೂಟೆನ್ ಅನ್ನೋ ಪ್ರೋಟೀನ್ ಇದೆ, ಸೀಲಿಯಾಕ್ ಇರೋ ನಿಮ್ಮ ಸೊಸೆಗೆ ಅದೇ ಆಗಲ್ಲ. ಉಳಿದಿದ್ದು ಓಟ್ಸ್ ಒಂದೇ. ಹೀಬ್ರೂಲಿ ಇರೋ ಆ ಐದನೇ ಹೆಸರು ನಿಜಕ್ಕೂ ಓಟ್ಸೇನಾ ಅಥವಾ ಒಂದು ಜಾತಿ ಬಾರ್ಲಿನಾ ಅಂತ ವಿದ್ವಾಂಸರಲ್ಲಿ ತಕರಾರಿದೆ, ಆದ್ರೆ ನೂರಾರು ವರ್ಷದಿಂದ ಓಟ್ಸ್ ಅಂತಲೇ ನಡ್ಕೊಂಡು ಬಂದಿದೆ. ಲಂಡನ್‌ನ ರಬ್ಬಿ (ಯಹೂದಿ ಧರ್ಮಗುರು) ಎಫ್ರಾಯಿಮ್ ಕೆಸ್ಟೆನ್‌ಬಾಮ್ ಅನ್ನೋರು ಸೀಲಿಯಾಕ್ ಇರೋರಿಗೋಸ್ಕರ ಓಟ್ಸ್ ಮಾತ್ಸಾ ಮಾಡಿಸೋ ಕೆಲಸಕ್ಕೆ ಹೆಸರಾದವರು, ಈಗ ಅಮೆರಿಕದ ಕೋಷರ್ (ಯಹೂದಿ ಆಹಾರ ನಿಯಮ ಪಾಲಿಸೋ) ಅಂಗಡಿಗಳಲ್ಲೂ ಹಬ್ಬದ ಮುಂಚೆ ಓಟ್ಸ್ ಮಾತ್ಸಾ ಸಿಗುತ್ತೆ, ರೇಟ್ ಮಾತ್ರ ಕೇಳ್ಬೇಡಿ.

ಅದಕ್ಕೆ ನನ್ನ ಮಾತು ಇಷ್ಟೇ, ಎರಡು ರೊಟ್ಟಿನೂ ಒಂದೇ ಅಂತ ಗಂಟು ಹಾಕ್ಕೋಬೇಡಿ. ಸೇದರ್ ರಾತ್ರಿ ಮಂತ್ರ ಹೇಳಿ ತಿನ್ನಲೇಬೇಕಾದ ತುಂಡು ಬೇರೆ, ಮಿಕ್ಕ ದಿನ ಪಲ್ಯದ ಜೊತೆ ಕಟುಂ ಕಟುಂ ಅಂತ ತಿನ್ನೋ ರೊಟ್ಟಿ ಬೇರೆ. ಮೊದಲನೇದಕ್ಕೆ ಬೀಗರು ಮಡಿವಂತರಾದ್ರೆ ಗ್ಲೂಟೆನ್ ಇಲ್ಲ ಅಂತಲೂ ಪಾಸೋವರ್‌ಗೆ ನಡೆಯುತ್ತೆ ಅಂತಲೂ ಎರಡೂ ಮುದ್ರೆ ಇರೋ ಓಟ್ಸ್ ಮಾತ್ಸಾನ ಕೊಂಡ್ಕೊಳ್ಳಿ. ನೀವು ಮನೇಲಿ ಮಾಡೋದು ಹೇಗೆ ಅಂತ ಕೇಳಿದ್ರೆ ನಾನು ಅಂಗಡಿ ತೋರಿಸ್ತಿದೀನಿ ಅಂತ ಬೇಜಾರಾಗ್ಬೇಡಿ, ಕಾರಣ ಇದೆ.

ಸೂಪರ್‌ಮಾರ್ಕೆಟ್ ಓಟ್ಸನ್ನ ಮಿಲ್ಲಲ್ಲೇ ಆವಿ ಕೊಟ್ಟು ಬಿಸಿ ಮಾಡಿರ್ತಾರೆ. ಓಟ್ಸಲ್ಲಿ ಎಣ್ಣೆ ಅಂಶ ಜಾಸ್ತಿ, ಅದನ್ನ ಒಡೆಯೋ ಲೈಪೇಸ್ ಅನ್ನೋ ಎನ್‌ಜೈಮೂ ಜೊತೆಗೇ ಇರುತ್ತೆ, ಬಿಸಿ ಮಾಡದೇ ಇದ್ರೆ ಬೇಗ ಕಮಟು ಹಿಡಿದು ಕಹಿಯಾಗುತ್ತೆ, ಹಾಗಾಗಿ ಮಿಲ್ಲಿನವರದ್ದು ತಪ್ಪಲ್ಲ. ಆದ್ರೆ ಆವಿ ಅಂದ್ರೆ ನೀರೇ ತಾನೆ, ನೀರು ತಾಗಿದ ಧಾನ್ಯ ಅಂದ್ರೆ ಹಮೇತ್ಸ್ ಅನುಮಾನ ಶುರುವಾಯ್ತು. ಇನ್ನೊಂದು ಕಡೆ, ಹಾಗೆ ಬಿಸಿಯಾದ ಧಾನ್ಯ ಇನ್ನು ಹುಳಿ ಬರೋ ಶಕ್ತಿನೇ ಕಳ್ಕೊಂಡಿರುತ್ತಲ್ಲ, ಅದು ಮಾತ್ಸಾ ಹೇಗಾಗುತ್ತೆ ಅಂತ ಕೆಲವು ರಬ್ಬಿಗಳು ಕೇಳ್ತಾರೆ. ಎರಡೂ ಕಡೆಯಿಂದ ಪೆಟ್ಟು. ಹಬ್ಬದ ಓಟ್ಸ್ ಹಿಟ್ಟು ನೀರು ತಾಗದ ಹಾಗೆ ಕಾವಲಿನಲ್ಲಿ ಬೀಸಿಸಿದ್ದಾಗಿರಬೇಕು, ಬೀಗರು ನಂಬೋ ರಬ್ಬಿಯನ್ನ ಕೇಳಿ ತರಿಸೋ ಹಿಟ್ಟು ಅದು. ಅಂಥ ಹಿಟ್ಟು ಸಿಕ್ರೆ, ಅಥವಾ ಮನೆಯವರು ಅಷ್ಟೆಲ್ಲಾ ಕಟ್ಟುನಿಟ್ಟಿಲ್ಲ ಅಂದ್ರೆ, ಧಾರಾಳವಾಗಿ ಮನೇಲೇ ಮಾಡಿ.

ಇನ್ನೊಂದು ಸೂಕ್ಷ್ಮ. ಸೇದರ್ ತುಂಡಿನ ಹಿಟ್ಟನ್ನ ಯಹೂದಿಗಳೇ, ಇದು ಆ ವಿಧಿಗಾಗಿ ಮಾಡೋ ಮಾತ್ಸಾ ಅಂತ ಮನಸ್ಸಲ್ಲಿಟ್ಕೊಂಡು ನಾದಬೇಕು. ಹಾಗಾಗಿ ಹಿಟ್ಟಿಗೆ ಕೈ ಹಾಕೋದು ಸೊಸೆ, ನೀವು ಮೊಬೈಲಲ್ಲಿ ಟೈಮರ್ ಇಟ್ಕೊಂಡು ಪಕ್ಕದಲ್ಲಿ ನಿಂತು ಜೋರು ಮಾಡಿ. ಅತ್ತೆಗೆ ಸಿಕ್ಕ ಒಳ್ಳೇ ಪಾರ್ಟ್.

ಟೈಮರ್ ಯಾಕೆ ಅಂದ್ರೆ 18 ನಿಮಿಷ. ಹಿಟ್ಟಿಗೆ ನೀರು ಬಿದ್ದ ಗಳಿಗೆಯಿಂದ ರೊಟ್ಟಿ ಬೆಂದು ಹೊರಗೆ ಬರೋವರೆಗೆ ಅಷ್ಟೇ ಟೈಮು. ನೀರೂ ಹಿಂದಿನ ಸಂಜೆನೇ ಹಿಡಿದು ರಾತ್ರಿಯೆಲ್ಲಾ ತಣ್ಣಗೆ ಇಟ್ಟಿದ್ದಾಗಿರಬೇಕು. ನಮ್ಮ ಕಡೆ ಹೆಂಗಸರಿಗೆ ಎಡವಟ್ಟಾಗೋದು ಇಲ್ಲೇ ನೋಡಿ! ನಾನು ಗದಗದ ಕಡೆಯವಳು, ಗ್ಲೂಟೆನ್ ಇಲ್ಲದ ಹಿಟ್ಟು ಅಂದ ತಕ್ಷಣ ಕೈ ತಾನಾಗೇ ಬಿಸಿನೀರಿಗೆ ಹೋಗುತ್ತೆ, ಯಾಕಂದ್ರೆ ಜೋಳದ ಹಿಟ್ಟಿಗೆ ಕುದಿಯೋ ಎಸರು ಹಾಕಿದ್ರೇ ಪಿಷ್ಟ ಅರ್ಧ ಬೆಂದು ಅಂಟು ಬಂದು ರೊಟ್ಟಿ ಬಡಿಯೋಕೆ ಬರೋದು. ಮಾತ್ಸಾದಲ್ಲಿ ಬಿಸಿನೀರು ಮುಟ್ಟಂಗಿಲ್ಲ, ಬಿಸಿಗೆ ಹುಳಿ ಬೇಗ ಬರುತ್ತೆ ಅಂತ. ಉಪ್ಪು, ಎಣ್ಣೆ ಕೂಡ ಇಲ್ಲ. ಹಿಟ್ಟು, ತಣ್ಣೀರು, ಮುಗೀತು. ಪುಣ್ಯಕ್ಕೆ ಓಟ್ಸಲ್ಲಿ ಬೀಟಾ ಗ್ಲೂಕನ್ ಅನ್ನೋ ನಾರಿದೆ, ಓಟ್ಸ್ ಗಂಜಿ ಲೋಳೆ ಲೋಳೆ ಆಗುತ್ತಲ್ಲ ಅದೇ, ತಣ್ಣೀರಲ್ಲೂ ಅದು ಸ್ವಲ್ಪ ಹಿಡ್ಕೊಳ್ಳುತ್ತೆ.

ಓವನ್ನನ್ನ 250 ಡಿಗ್ರಿ ಸೆಲ್ಸಿಯಸ್, ಅಲ್ಲಿನ ಲೆಕ್ಕದಲ್ಲಿ ಸುಮಾರು 480 ಫ್ಯಾರನ್‌ಹೀಟ್‌ಗೆ ಇಟ್ಟು, ಒಳಗೆ ಪಿಜ್ಜಾ ಕಲ್ಲೋ ಬೋರಲು ಹಾಕಿದ ದಪ್ಪ ಟ್ರೇನೋ ಇಟ್ಟು ಮುಕ್ಕಾಲು ಗಂಟೆ ಕಾಯಿಸಿ, ಕಾದ ಮೇಲೇ ಹಿಟ್ಟಿಗೆ ನೀರು ಹಾಕೋದು, ಅದಕ್ಕೆ ಮುಂಚೆ ಬೇಡ. ಒಂದು ಸಲಕ್ಕೆ 100 ಗ್ರಾಂ ಓಟ್ಸ್ ಹಿಟ್ಟು ಸಾಕು. ನೀರು 60 ಎಂಎಲ್‌ನಿಂದ ಶುರು ಮಾಡಿ, ಪುಡಿ ಪುಡಿ ಅನ್ನಿಸಿದ್ರೆ ಒಂದೊಂದು ಚಮಚ ಸೇರಿಸಿ, ಒಟ್ಟು 70ರ ಹತ್ತಿರ ನಿಲ್ಲುತ್ತೆ. ನಾದಿ ನೆನೆಯೋಕಿಡೋ ಅಭ್ಯಾಸ ಬಿಟ್ಬಿಡಿ, ಇಲ್ಲಿ ಹಿಟ್ಟು ಸುಮ್ನೆ ಕೂರಬಾರದು, ಕೈ ಆಡ್ತಾನೇ ಇರಬೇಕು. ಮೂರು ಉಂಡೆ ಮಾಡಿ ಎರಡು ಬೇಕಿಂಗ್ ಪೇಪರ್ ಮಧ್ಯ ಇಟ್ಟು ಒಂದೂವರೆ ಮಿಲಿಮೀಟರ್‌ನಷ್ಟು ತೆಳ್ಳಗೆ ಲಟ್ಟಿಸಿ. ಅಂಚು ಬಿರಿಯುತ್ತೆ, ಬಿರೀಲಿ ಬಿಡಿ, ಬೆರಳಲ್ಲಿ ಒತ್ತಿ ಸಾಕು, ಚಂದ್ರನ ಥರ ದುಂಡಗೆ ಬರಬೇಕು ಅಂತ ಕೂತ್ರೆ ಟೈಮು ಹೋಗುತ್ತೆ. ಆಮೇಲೆ ಫೋರ್ಕಲ್ಲಿ ಇಡೀ ರೊಟ್ಟಿಗೆ ಒತ್ತೊತ್ತಾಗಿ ಚುಚ್ಚಿ. ನಮಗೆ ಫುಲ್ಕ ಉಬ್ಬಿದ್ರೆ ಖುಷಿ, ಅವರಿಗೆ ಮಾತ್ಸಾ ಉಬ್ಬಿದ್ರೆ ಅಥವಾ ಮಡಚಿಕೊಂಡ್ರೆ ಆ ಭಾಗ ತಿನ್ನೋಕೆ ಬರಲ್ಲ.

ಪೇಪರ್ ವಿಷಯ ಒಂದು ಹೇಳ್ಬೇಕು, ಬೇಕಿಂಗ್ ಪೇಪರ್ ಬಹಳಷ್ಟು ಇಷ್ಟು ಬಿಸಿ ತಡ್ಕೊಳ್ಳಲ್ಲ, ನಾನು ಒಂದ್ಸಲ ಪೇಪರ್ ಸಮೇತ ಒಳಗೆ ತಳ್ಳಿ ಹೊಗೆ ಅಲಾರಂ ಬಡ್ಕೊಂಡು ಪಕ್ಕದ ಮನೆಯವರೆಲ್ಲಾ ಬಂದು ನಿಂತಿದ್ರು. ಮೇಲಿನ ಪೇಪರ್ ಸುಲಿದು, ರೊಟ್ಟಿನ ಕಾದ ಕಲ್ಲಿನ ಮೇಲೆ ಬೋರಲಾಗಿ ಇಳಿಸಿ, ಕೆಳಗಿನ ಪೇಪರನ್ನೂ ಎಳ್ಕೊಂಡ್ಬಿಡಿ. ನಾಲ್ಕೈದು ನಿಮಿಷಕ್ಕೆ ಅಂಚು ಕಂದುತ್ತೆ, ಬೇಕಿದ್ರೆ ಒಂದ್ಸಲ ಮಗುಚಿ. ಮುರಿದು ನೋಡಿದ್ರೆ ಒಳಗೆ ಹಸಿ ಹಿಟ್ಟು ಎಳೆ ಎಳೆಯಾಗಿ ಬರಬಾರದು. ಜಾಲರಿ ಮೇಲೆ ಆರಿದ್ರೆ ಗರಿಗರಿ ಆಗುತ್ತೆ. ಇನ್ನೊಂದು ಸಲ ಮಾಡೋದಾದ್ರೆ ಪಾತ್ರೆ, ಕೈ, ಲಟ್ಟಣಿಗೆ ಎಲ್ಲಾ ತೊಳೆದು ಒರೆಸಿ, ಹಳೇ ಹಿಟ್ಟಿನ ಚೂರೂ ಉಳೀಬಾರದು, ಹೊಸ 18 ನಿಮಿಷ. ಹಬ್ಬಕ್ಕೆ ಮುಂಚೇನೇ ಮಾಡಿಟ್ಕೊಳ್ಳಿ, ಗಾಳಿಯಾಡದ ಡಬ್ಬೀಲಿ ಚೆನ್ನಾಗಿರುತ್ತೆ. ರುಚಿ ಹೇಗಿರುತ್ತೆ ಅಂದ್ರೆ, ನಿಜ ಹೇಳ್ಲಾ, ಓಟ್ಸ್ ವಾಸನೆ ಇರೋ ರಟ್ಟು. ಗೋಧಿ ಮಾತ್ಸಾನೂ ಏನು ಅಮೃತ ಅಲ್ಲ ಬಿಡಿ.

ಇನ್ನು ಸೊಸೆ ಆರೋಗ್ಯದ್ದು, ಇದನ್ನ ನಾನು ಶಾಸ್ತ್ರಕ್ಕಿಂತ ಮೇಲಿಡ್ತೀನಿ. ಓಟ್ಸಲ್ಲಿ ಗ್ಲೂಟೆನ್ ಇಲ್ಲ ಅಂದ್ರೂ ಹೊಲದಲ್ಲಿ, ಲಾರೀಲಿ, ಮಿಲ್ಲಲ್ಲಿ ಗೋಧಿ ಬೆರೆತಿರುತ್ತೆ, ಹಾಗಾಗಿ ಗ್ಲೂಟೆನ್ 20 ಪಿಪಿಎಂಗಿಂತ (ಹತ್ತು ಲಕ್ಷ ಭಾಗಕ್ಕೆ 20 ಭಾಗ) ಕಡಿಮೆ ಅಂತ ಲೇಬಲ್ ಇರೋದೇ ಬೇಕು. ಲೇಬಲ್ ಇದ್ರೂ ಸೀಲಿಯಾಕ್ ಇರೋ ಕೆಲವರಿಗೆ ಓಟ್ಸಲ್ಲಿರೋ ಅವೆನಿನ್ ಅನ್ನೋ ಪ್ರೋಟೀನೇ ಆಗಲ್ಲ. ಅವಳು ಇದುವರೆಗೆ ಓಟ್ಸ್ ತಿಂದೇ ಇಲ್ಲ ಅಂದ್ರೆ ಹಬ್ಬದ ರಾತ್ರಿ ಮೊದಲ ಪ್ರಯೋಗ ಬೇಡ, ತಿಂಗಳು ಮುಂಚೆನೇ ಡಾಕ್ಟರ್ ಹತ್ರ ಮಾತಾಡ್ಲಿ. ಓಟ್ಸೂ ಆಗಲ್ಲ ಅಂತಾದ್ರೆ ಬೀಗರು ರಬ್ಬಿಯನ್ನ ಕೇಳ್ಲಿ, ಕಾಯಿಲೆ ತರಿಸ್ಕೊಂಡು ತಿನ್ನು ಅಂತ ಅವರ ಧರ್ಮ ಹೇಳಲ್ಲ.

ನಿಮ್ಮ ಮನೆಯ ಚಪಾತಿ ಮಣೆ, ಮರದ ಲಟ್ಟಣಿಗೆ ಇವೆರಡನ್ನ ಈ ಕೆಲಸಕ್ಕೆ ಮುಟ್ಲೇಬೇಡಿ. ವರ್ಷಗಟ್ಟಲೆ ಗೋಧಿ ಹಿಟ್ಟು ಕುಡಿದ ಮರ ಅದು, ಎಷ್ಟು ತೊಳೆದ್ರೂ ಹೋಗಲ್ಲ, ಅವಳ ಹೊಟ್ಟೆಗೂ ಆಗಲ್ಲ ಹಬ್ಬಕ್ಕೂ ಆಗಲ್ಲ. ಹೊಸದೊಂದು ತಗೊಳ್ಳಿ. ಆಮೇಲೆ ಇಂಗು! ಡಬ್ಬಿ ಇಂಗಲ್ಲಿ ಬಹಳಷ್ಟು ಸಲ ಮೈದಾ ಬೆರೆಸಿರ್ತಾರೆ, ಹಿಂದೆ ಸಣ್ಣಕ್ಷರದಲ್ಲಿ ಬರೆದಿರುತ್ತೆ. ಒಗ್ಗರಣೆಗೆ ಒಂದು ಚಿಟಿಕೆ ಹಾಕಿದ್ರೆ ಸೊಸೆಗೂ ತೊಂದರೆ, ಬೀಗರ ಹಬ್ಬನೂ ಕೆಟ್ಟಂಗೆ. ಈ ತಪ್ಪು ನಾನೇ ಮಾಡಿದೀನಿ, ಎಲ್ಲಾ ಕಡೆ ಹುಷಾರಾಗಿದ್ದು ಕೊನೇಲಿ ಸಾರಿಗೆ ಇಂಗು ಹಾಕಿ ಇಡೀ ಪಾತ್ರೆ ಪಕ್ಕಕ್ಕಿಟ್ಟೆ. ಟೇಬಲ್ ಮೇಲೆ ಬೇರೆಯವರು ಗೋಧಿ ಮಾತ್ಸಾ ಮುರಿತಾರಲ್ಲ, ಅದರ ಪುಡಿ ಎಲ್ಲಾ ಕಡೆ ಹಾರುತ್ತೆ, ಅವಳ ಓಟ್ಸ್ ಮಾತ್ಸಾಗೆ ಮುಚ್ಚಿದ ತಟ್ಟೆ ಬೇರೆನೇ ಇಡಿ, ಊಟದ ಕೊನೇಲಿ ತಿನ್ನೋ ಅಫಿಕೋಮನ್ ತುಂಡೂ ಅವಳಿಗೆ ಅದರಿಂದಲೇ.

ಪ್ರಶ್ನೆ: ಬೆಂಗಳೂರಿನ ನಮ್ಮ ಟೀಮ್‌ಗೆ ಇಸ್ರೇಲಿಂದ ಇಬ್ಬರು ಬಂದಿದಾರೆ, ಒಬ್ಬರಿಗೆ ಗ್ಲೂಟೆನ್ ಆಗಲ್ಲ. ಪಾಸೋವರ್ ಹಬ್ಬದ ವಾರದಲ್ಲೇ ಮನೆಗೆ ಊಟಕ್ಕೆ ಕರೆದುಬಿಟ್ಟಿದೀನಿ. ಮಾತ್ಸಾ ಎಲ್ಲಾ ನನ್ನ ಕೈಲಾಗಲ್ಲ, ರೊಟ್ಟಿ ಜಾಗದಲ್ಲಿ ಏನು ಕೊಡ್ಲಿ?

ಉತ್ತರ: ಸೇದರ್ ರಾತ್ರಿ ಅಲ್ಲ ತಾನೆ, ಹಾಗಾದ್ರೆ ಮಾತ್ಸಾ ತಲೆನೋವು ನಿಮಗಿಲ್ಲ. ಮೊದಲು ಅವರನ್ನ ಒಂದು ಮಾತು ಕೇಳಿ, ಹಬ್ಬದಲ್ಲಿ ನೀವು ಅಕ್ಕಿ ತಿಂತೀರಾ ಅಂತ. ಪೂರ್ವ ಯುರೋಪ್ ಕಡೆಯ ಅಶ್ಕೆನಾಜಿ ಮನೆತನದವರು ಅಕ್ಕಿ, ಮೆಕ್ಕೆಜೋಳ, ಬೇಳೆಕಾಳು ಇವನ್ನೆಲ್ಲಾ ಕಿತ್ನಿಯೋತ್ ಅಂತ ಹಬ್ಬದಲ್ಲಿ ಬಿಟ್ಟಿರ್ತಾರೆ, ಸ್ಪೇನ್, ಪೋರ್ಚುಗಲ್ ಮೂಲದ ಸೆಫಾರ್ದಿಗಳಲ್ಲಿ ಬಹಳಷ್ಟು ಜನ ತಿಂತಾರೆ. 2015ರಲ್ಲಿ ಅಮೆರಿಕದ ಕನ್ಸರ್ವೇಟಿವ್ ಪಂಗಡದ ರಬ್ಬಿಗಳ ಸಮಿತಿ ಅಶ್ಕೆನಾಜಿಗಳೂ ತಿನ್ನಬಹುದು ಅಂತ ಹೇಳಿತು, ಹೇಳಿದ್ರೂ ಮನೆ ಪದ್ಧತಿ ಅಂತ ಬಿಡದವರು ಇದ್ದೇ ಇದಾರೆ. ತಿಂತೀವಿ ಅಂದ್ರೆ ನಿಮ್ಮ ಅಕ್ಕಿರೊಟ್ಟಿ ರಾಜನ ಥರ ಬಡಿಸಿ, ಅಕ್ಕಿ ಹಿಟ್ಟು ಮಾತ್ರ ಗೋಧಿ ಬೀಸೋ ಗಿರಣಿದು ಬೇಡ.

ತಿನ್ನಲ್ಲ ಅಂದ್ರೆ ನಮ್ಮ ಏಕಾದಶಿ ನೆನಪು ಮಾಡ್ಕೊಳ್ಳಿ. ಅವತ್ತು ಅನ್ನ ಬೇಡ, ಸಾಬಕ್ಕಿ ಆಲೂಗೆಡ್ಡೆ ನಡೆಯುತ್ತೆ ಅಂತೀವಲ್ಲ, ಹೆಚ್ಚುಕಮ್ಮಿ ಅದೇ ದಾರಿ. ಸಾಬಕ್ಕಿ ಮರಗೆಣಸಿಂದ ಆಗೋದು, ಗೆಡ್ಡೆ, ಧಾನ್ಯ ಅಲ್ಲ. ಅಂಗಡೀಲಿ ಗ್ಲೂಟೆನ್ ಇಲ್ಲದ ಮಾತ್ಸಾ ಥರದ್ದು ಅಂತ ಮಾರೋ ಬಿಸ್ಕತ್ತುಗಳಲ್ಲೂ ಬಹಳಷ್ಟು ಸಲ ಇರೋದು ಇದೇ ಮರಗೆಣಸು ಮತ್ತು ಆಲೂ ಪಿಷ್ಟ. ಬೇಯಿಸಿ ನುಣ್ಣಗೆ ಹಿಸುಕಿದ ಆಲೂ 200 ಗ್ರಾಂ, ನುಣ್ಣಗಿನ ಸಾಬಕ್ಕಿ ಹಿಟ್ಟು ಸುಮಾರು 100 ಗ್ರಾಂ, ಒಂದು ದೊಡ್ಡ ಚಮಚ ಎಣ್ಣೆ, ಉಪ್ಪು ಕಲಸಿ ಹಪ್ಪಳದ ಹಿಟ್ಟಿನ ಹದಕ್ಕೆ ತನ್ನಿ, ತೆಳ್ಳಗೆ ಲಟ್ಟಿಸಿ ಚುಚ್ಚಿ 200 ಡಿಗ್ರೀಲಿ ಕಾಲು ಗಂಟೆ, ಗರಿಯಾಗದಿದ್ರೆ ಇನ್ನೂ ಒಂದೆರಡು ನಿಮಿಷ. ಆಲೂ ಬಿಸಿ ಇರುವಾಗಲೇ ಕಲಸಿ, ಆರಿದ್ರೆ ಗಂಟು ಗಂಟಾಗುತ್ತೆ.

ಅವರು ಪೂರ್ತಿ ಕೋಷರ್ ಪಾಲಿಸೋರಾದ್ರೆ ನಿಮ್ಮ ಮನೆ ಪಾತ್ರೇಲಿ ಮಾಡಿದ್ದು ಏನೂ ತಿನ್ನಲ್ಲ, ಹಣ್ಣು ಕೊಡಿ, ಬೇಜಾರು ಮಾಡ್ಕೋಬೇಡಿ, ನಮ್ಮ ಅಜ್ಜಿ ಪಕ್ಕದ ಮನೇಲಿ ನೀರೂ ಕುಡೀತಿರಲಿಲ್ಲ.

ಪ್ರಶ್ನೆ: ನನ್ನ ಓಟ್ಸ್ ಮಾತ್ಸಾ ಮುಟ್ಟಿದ್ರೆ ಪುಡಿ ಆಗುತ್ತೆ. ಮೊಟ್ಟೆ ಅಥವಾ ಸೇಬಿನ ಜ್ಯೂಸ್ ಹಾಕಿದ್ರೆ ಹಿಡಿಯುತ್ತೆ ಅಂತಾರೆ, ಹಾಕಲಾ?

ಉತ್ತರ: ಹಿಡಿಯೋದೇನೋ ಹಿಡಿಯುತ್ತೆ, ಆದ್ರೆ ಅದು ‘ಶ್ರೀಮಂತ ಮಾತ್ಸಾ’ ಆಗಿಬಿಡುತ್ತೆ, ಅವರ ಮಾತಲ್ಲಿ ಮಾತ್ಸಾ ಅಶೀರಾ. ಸೇದರ್‌ನಲ್ಲಿ ಬೇಕಾಗಿರೋದು ಬಡವರ ರೊಟ್ಟಿ, ಈಜಿಪ್ಟಿಂದ ಓಡಿ ಬಂದವರದ್ದು, ಹಾಗಾಗಿ ಆ ರಾತ್ರಿ ವಿಧಿಗೆ ಇದು ಲೆಕ್ಕಕ್ಕೆ ಬರಲ್ಲ. ಅಶ್ಕೆನಾಜಿಗಳಂತೂ ವಯಸ್ಸಾದವರು, ಕಾಯಿಲೆಯವರು, ಮಕ್ಕಳಿಗೆ ಬಿಟ್ಟು ಹಬ್ಬದ ಉಳಿದ ದಿನವೂ ತಿನ್ನಲ್ಲ. ಪುಡಿ ಆಗ್ತಿರೋದು ಬಹುಶಃ ಹಿಟ್ಟು ತರಿ ಇರೋದಕ್ಕೆ, ಮಿಕ್ಸೀಲಿ ಹೊಡೆದ ಓಟ್ಸಿಗೆ ಹಾಗಾಗುತ್ತೆ. ಇನ್ನೊಮ್ಮೆ ಒಣಗಿದ್ದಾಗಲೇ ಜರಡಿ ಹಿಡಿದು, ನೀರು ಒಂದು ಚಮಚ ಜಾಸ್ತಿ ಹಾಕಿ, ಎರಡು ಮಿಲಿಮೀಟರ್ ದಪ್ಪ ಇಟ್ಟು ನೋಡಿ.