ದಾಳಿಯ ನಂತರ ಮನೆಗೆ ಬಂದ ಮಗು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಾರದೆಂದು ಊರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಪಂಥದ ಹೆಸರು ಹೇಳುವುದಿಲ್ಲ.)

ನನ್ನ ಬಳಿ ಆಪ್ತಸಲಹೆಗೆ ಬಂದಾಕೆ ಮಲೆನಾಡಿನವರು, ಮದುವೆಯಾಗಿ ಯುರೋಪಿನಲ್ಲಿ ನೆಲೆಸಿದವರು. ಗಂಡ ಅಲ್ಲಿಯವರೇ. ಮಕ್ಕಳಿಲ್ಲದ್ದರಿಂದ ಸಾಕುಪೋಷಕರಾಗಲು, ಅಂದರೆ ಹೆತ್ತವರಿಂದ ದೂರವಾದ ಮಕ್ಕಳನ್ನು ತಾತ್ಕಾಲಿಕವಾಗಿ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳಲು, ಹೆಸರು ಕೊಟ್ಟಿದ್ದರು. ಊರಾಚೆ ಸ್ವಂತ ಜಮೀನು, ಸ್ವಂತ ಶಾಲೆ ಮಾಡಿಕೊಂಡು ಹೊರಗಿನವರ ಸಂಪರ್ಕವಿಲ್ಲದೆ ಬದುಕುತ್ತಿದ್ದ ಧಾರ್ಮಿಕ ಸಮುದಾಯವೊಂದರ ಮೇಲೆ ಪೊಲೀಸರು ದಾಳಿ ಮಾಡಿ ಮಕ್ಕಳನ್ನು ಕರೆತಂದಾಗ, ಎಂಟು ವರ್ಷದ ಹುಡುಗನೊಬ್ಬ ಇವರ ಪಾಲಿಗೆ ಬಂದ. ಅವನ ತಂಗಿ ಬೇರೆಯವರ ಮನೆಗೆ ಹೋದಳು.

“ಇಲ್ಲಿಯೋರ ಹತ್ರ ಎಲ್ಲಾ ಹೇಳ್ಕೊಳ್ಳಕ್ಕೆ ಆಗಲ್ಲ ಮೇಡಂ” ಎಂದು ವಿಡಿಯೊ ಕರೆಯಲ್ಲಿ ಮಾತು ಶುರು ಮಾಡಿದರು. ಬಂದ ವಾರದಲ್ಲೇ ಹುಡುಗ ಊಟದ ಮೇಜಿನ ಮೇಲೆ ಹಾಲು ಚೆಲ್ಲಿದ್ದಾನೆ. ಯಾರೂ ಗದರಲಿಲ್ಲ. ಅವನೇ ಎದ್ದು ಅಡುಗೆಮನೆಗೆ ಹೋಗಿ, ಡ್ರಾಯರ್ ತೆಗೆದು, ಮರದ ಸೌಟು ತಂದು ಆಕೆಯ ಕೈಗೆ ಕೊಟ್ಟು ಅಂಗೈ ಚಾಚಿ ನಿಂತ. “ಎಷ್ಟು?” ಎಂದು ಕೇಳಿದ. ಆಕೆ ಗಳಗಳನೆ ಅತ್ತು ಅವನನ್ನು ಅಪ್ಪಿಕೊಂಡರು. ಅವನು ಕೊರಡಿನ ಹಾಗೆ ನಿಂತೇ ಇದ್ದ.

ಆ ರಾತ್ರಿ ಆಕೆ ಸಿಟ್ಟು ತಡೆಯಲಾರದೆ, “ನಿಮ್ಮಪ್ಪ ಅಮ್ಮ ಮಾಡಿದ್ದು ಮಹಾಪಾಪ” ಎಂದುಬಿಟ್ಟರು. ಹುಡುಗ ಮಾರನೆಯ ದಿನವೆಲ್ಲ ಊಟ ಬಿಟ್ಟ. ಸಂಜೆ ಹೇಳಿದನಂತೆ: “ನೀವೆಲ್ಲ ಒಂದು ದಿನ ಬರ್ತೀರಿ ಅಂತ ನಮಗೆ ಮೊದಲೇ ಗೊತ್ತಿತ್ತು.”

ಇಂಥ ಪಂಥಗಳಲ್ಲಿ ಹೊರಜಗತ್ತು ಶತ್ರು, ಅದು ಮಕ್ಕಳನ್ನು ಕಸಿಯಲು ಬರುತ್ತದೆ ಎಂದು ಹೇಳಿಯೇ ಬೆಳೆಸಿರುತ್ತಾರೆ. ದಾಳಿ ನಡೆದ ದಿನ ಆ ಮಾತು ನಿಜವಾಗಿಬಿಡುತ್ತದೆ. ಅಮೆರಿಕದ ಅರಿಜೋನಾದಲ್ಲಿ 1953ರ ಜುಲೈನಲ್ಲಿ ಶಾರ್ಟ್ ಕ್ರೀಕ್ ಊರಿನ ಬಹುಪತ್ನಿತ್ವದ ಪಂಥದವರ ಮೇಲೆ ದಾಳಿಯಾಗಿ 263 ಮಕ್ಕಳನ್ನು ಸರ್ಕಾರ ವಶಕ್ಕೆ ಪಡೆಯಿತು. ಅದರ ನೆನಪು ಅಲ್ಲಿ ತಲೆಮಾರುಗಳವರೆಗೆ ಉಳಿಯಿತು. ಆ ಪಂಥ ಇನ್ನಷ್ಟು ಬಾಗಿಲು ಹಾಕಿಕೊಂಡಿತು.

ಈ ಮನೆಯಲ್ಲಿ ಗಂಡ ಹೆಂಡತಿಗೂ ದಿನಾ ಇದೇ ವಾದ. ದಾಳಿ ಸರಿ ಎಂದು ಒಬ್ಬರು, ಮಕ್ಕಳನ್ನು ಹೀಗೆ ಚದುರಿಸಿದ್ದು ಸರಿಯೇ ಎಂದು ಇನ್ನೊಬ್ಬರು. ಆಕೆ ಇಂಟರ್‌ನೆಟ್ಟಿನಲ್ಲಿ ಹುಡುಕಿ ಹುಡುಕಿ ತಲೆ ಕೆಡಿಸಿಕೊಂಡಿದ್ದರು. ಅವರು ಓದಿದ್ದರಲ್ಲಿ ಎರಡು ಪ್ರಕರಣ ನನಗೂ ಮುಖ್ಯವೆನಿಸಿದವು.

ಟೆಕ್ಸಾಸಿನ ಎಲ್ಡೊರಾಡೊ ಬಳಿ 2008ರ ಏಪ್ರಿಲ್‌ನಲ್ಲಿ, ದೌರ್ಜನ್ಯ ನಡೆಯುತ್ತಿದೆ ಎಂಬ ಒಂದು ಫೋನ್ ಕರೆಯನ್ನು ನಂಬಿ, ಶಾರ್ಟ್ ಕ್ರೀಕ್‌ನ ಅದೇ ಪಂಥದ 400ಕ್ಕೂ ಹೆಚ್ಚು ಮಕ್ಕಳನ್ನು ಕರೆದೊಯ್ದರು. ಆ ಕರೆ ಹುಸಿಯಾಗಿತ್ತು. ಇಡೀ ನೆಲೆಯನ್ನೇ ಒಂದು ಮನೆ ಎಂದು ಲೆಕ್ಕ ಹಾಕಿದ್ದು ತಪ್ಪು, ಪ್ರತಿ ಮಗುವಿಗೂ ತಕ್ಷಣದ ಅಪಾಯವಿತ್ತೆಂಬುದಕ್ಕೆ ಪುರಾವೆ ಇಲ್ಲ ಎಂದಿತು ಮೇಲ್ಮನವಿ ನ್ಯಾಯಾಲಯ. ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮಕ್ಕಳು ಮರಳಿದರು. ಆದರೆ 2011ರಲ್ಲಿ ಪಂಥದ ಮುಖ್ಯಸ್ಥ ವಾರೆನ್ ಜೆಫ್ಸ್‌ಗೆ ಬಾಲಕಿಯರ ಮೇಲಿನ ಲೈಂಗಿಕ ದೌರ್ಜನ್ಯಕ್ಕಾಗಿ ಜೀವಾವಧಿ ಶಿಕ್ಷೆಯಾಯಿತು. ದೌರ್ಜನ್ಯವೂ ನಿಜ, ದಾಳಿಯ ರೀತಿ ತಪ್ಪಾಗಿದ್ದೂ ನಿಜ.

ಜರ್ಮನಿಯ ಬವೇರಿಯಾದಲ್ಲಿ ಹಾಗಾಗಲಿಲ್ಲ. ‘ಟ್ವೆಲ್ವ್ ಟ್ರೈಬ್ಸ್’ ಪಂಥದವರು ಮಕ್ಕಳನ್ನು ಬೆತ್ತದಿಂದ ಹೊಡೆಯುವುದನ್ನು ಪತ್ರಕರ್ತರೊಬ್ಬರು ಗುಪ್ತ ಕ್ಯಾಮೆರಾದಲ್ಲಿ ಸೆರೆಹಿಡಿದಿದ್ದರು. 2013ರ ಸೆಪ್ಟೆಂಬರ್‌ನಲ್ಲಿ ಸುಮಾರು 40 ಮಕ್ಕಳನ್ನು ಕರೆದೊಯ್ದರು. ಪೋಷಕರು ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು; 2018ರಲ್ಲಿ ಸೋತರು.

ಇದನ್ನೆಲ್ಲ ಮಾತಾಡಿದ ಮೇಲೆ ನಾನು ಆಕೆಗೆ ಹೇಳಿದೆ: ದಾಳಿ ಸರಿಯೋ ತಪ್ಪೋ ಎಂಬುದು ನಿಮ್ಮ ಮನೆಯಲ್ಲಿ ಇತ್ಯರ್ಥವಾಗುವ ಸಂಗತಿಯಲ್ಲ. ಹುಡುಗನ ಮುಂದಂತೂ ಆ ಮಾತು ಎತ್ತಲೇಬೇಡಿ.

ಸೌಟು ಮತ್ತೆ ತಂದರೆ ಅಳಬೇಡಿ. ನೀವು ಅತ್ತರೆ ನಿಮ್ಮನ್ನು ಸಮಾಧಾನ ಮಾಡುವ ಹೊಣೆಯೂ ಅವನ ಮೇಲೆ ಬೀಳುತ್ತದೆ. ಅವನ ಎದುರೇ ಅದನ್ನು ಡ್ರಾಯರಿನಲ್ಲಿಟ್ಟು, “ಈ ಮನೆಯಲ್ಲಿ ಹೊಡೆಯುವುದಿಲ್ಲ. ಬಾ, ಒರೆಸೋಣ” ಎನ್ನಿ. ಪ್ರತಿ ಸಲವೂ ಅದೇ ಮಾತು, ಅದೇ ದನಿ.

ಅಮ್ಮನನ್ನು ಬೈಯಬೇಡಿ, ಹೊಡೆತವನ್ನು ಸಮರ್ಥಿಸಲೂಬೇಡಿ. “ಅಮ್ಮನಿಗೆ ನಿನ್ನ ಮೇಲೆ ಪ್ರೀತಿ ಇದೆ. ಹೊಡೆದದ್ದು ತಪ್ಪು” ಎಂದು ಎರಡನ್ನೂ ಹೇಳಿ. ಎಂಟು ವರ್ಷದ ಮಗುವಿಗೆ ಇದು ಅರ್ಥವಾಗುತ್ತದೆ, ಕಷ್ಟವಾಗುವುದು ನಮಗೆ.

ಏನೇನಾಯಿತು ಎಂದು ಕೆದಕಬೇಡಿ. ತಾನಾಗಿ ಹೇಳಿದರೆ ಕೇಳಿಸಿಕೊಂಡು, ಅವನದೇ ಮಾತಿನಲ್ಲಿ ತಾರೀಖು ಹಾಕಿ ಬರೆದು ಮಕ್ಕಳ ಕಲ್ಯಾಣ ಇಲಾಖೆಯವರಿಗೆ ಕೊಡಿ. ಸಂಜೆ ಒಬ್ಬನೇ ಪ್ರಾರ್ಥನೆ ಮಾಡುತ್ತಾನೆ ಎಂದಿರಿ, ಮಾಡಲಿ. ನಿಮ್ಮ ಗಣೇಶ ಹಬ್ಬಕ್ಕೆ ಕರೆಯಿರಿ, ಒಲ್ಲೆ ಎಂದರೆ ಅಲ್ಲಿಗೇ ಬಿಡಿ.

“ಇಲ್ಲೇ ಇರ್ತೀಯ ಅಂತ ಹೇಳ್ಲಾ?” ಎಂದು ಕೇಳಿದರು. ಬೇಡ ಎಂದೆ. ತೀರ್ಮಾನ ನ್ಯಾಯಾಧೀಶರದ್ದು, ತಿಳಿದ ದಿನವೇ ನಿನಗೆ ಹೇಳುತ್ತೇವೆ ಎನ್ನಿ, ಹಾಗೇ ನಡೆದುಕೊಳ್ಳಿ.

ನಾನು ಪಟ್ಟು ಹಿಡಿದದ್ದು ತಂಗಿಯ ವಿಷಯದಲ್ಲಿ. ಅಪ್ಪ ಅಮ್ಮನ ಭೇಟಿಗೆ ಕೋರ್ಟಿನ ಅನುಮತಿ ಬೇಕಾಗಬಹುದು. ಒಡಹುಟ್ಟಿದವರು ಭೇಟಿಯಾಗಲು ಅಡ್ಡಿ ಏನು? ಇಲಾಖೆಗೆ ಬರೆಯಿರಿ, ಉತ್ತರ ಬಾರದಿದ್ದರೆ ಮತ್ತೆ ಬರೆಯಿರಿ ಎಂದೆ. ಬರೆದರು. ಈಗ ಶನಿವಾರ ಶನಿವಾರ ಅಣ್ಣ ತಂಗಿ ಪಾರ್ಕಿನಲ್ಲಿ ಸೇರುತ್ತಾರೆ. ಕೋರ್ಟಿನ ತೀರ್ಪು ಇನ್ನೂ ಬಂದಿಲ್ಲ.